ಮೂರು ಬಕೀಟು, ಎಂಟು ಮಳಿಗೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದು ನಾನು ಹೇಳುವ ಮಾತಲ್ಲ, ನನ್ನ ಹೆಂಡತಿ ಮದುವೆಯಾದ ತಿಂಗಳಲ್ಲೇ ಕಂಡುಹಿಡಿದು ಎರಡೂ ಕಡೆಯ ನೆಂಟರಿಗೆ ಡಂಗುರ ಸಾರಿದ ಸಂಗತಿ. ಅಂಥವನನ್ನೇ ಹುಡುಕಿ ಬೆಂಕಿಯ ಅಪಾಯ ನೋಡುವ ಕೆಲಸಕ್ಕೆ ಹಾಕಿದ ಸರ್ಕಾರದ ಜಾಣತನಕ್ಕೆ ಏನೆನ್ನಬೇಕೋ! ಆಗ ಮಹಾರಾಜರ ಆಳ್ವಿಕೆ. ಈಗಿನ ರಾಮನಗರಕ್ಕೆ ಕ್ಲೋಸ್‌ಪೇಟೆ ಅನ್ನುತ್ತಿದ್ದರು, ಕನಕಪುರ ಇನ್ನೂ ಕಾನಕಾನಹಳ್ಳಿಯಾಗಿತ್ತು. ಆ ಎರಡು ಊರು, ಚನ್ನಪಟ್ಟಣ, ಮಾಗಡಿ, ನಾಲ್ಕಕ್ಕೂ ಸೇರಿ ನಾನೊಬ್ಬನೇ ಇನ್ಸ್‌ಪೆಕ್ಟರು. ಅಂಗಡಿ, ಛತ್ರ, ರೇಷ್ಮೆಗೂಡು ಒಣಗಿಸುವ ಕೊಟ್ಟಿಗೆ, ನಾಲ್ಕಾರು ಸಂಸಾರ ಕೂಡಿ ದುಡಿಯುವ ಮಳಿಗೆ ಇವನ್ನೆಲ್ಲ ನೋಡಿ, ಎಲ್ಲಿ ಕಿಡಿ ಬಿದ್ದರೆ ಎಷ್ಟು ದೂರ ಹಬ್ಬೀತು ಎಂದು ಬರೆದು ಪುರಸಭೆಗೆ ಕೊಡಬೇಕಿತ್ತು.

ಕೆಲಸ ಮಾತ್ರ ಬಲು ಮಜವಾಗಿತ್ತು. ಕಾನಕಾನಹಳ್ಳಿಯಲ್ಲಿ ಒಬ್ಬರು ಅಂಗಡಿಯವರು ಸೀಮೆಎಣ್ಣೆ ಡಬ್ಬದ ಮೇಲೇ ಕೂತುಕೊಂಡು, “ಸೀಮೆಎಣ್ಣೆ ನಮ್ಮಲ್ಲಿ ಎಲ್ಲಿಂದ ಬರ್ಬೇಕು ಸ್ವಾಮಿ” ಎಂದು ನನ್ನನ್ನೇ ಕೇಳಿದ್ದರು. ಮಾಗಡಿಯ ಛತ್ರದಲ್ಲಿ ಒಲೆಯ ನೆತ್ತಿಗೆ ತಾಗುವಂತೆ ಒಣಗಿದ ತೆಂಗಿನ ಗರಿಯ ಚಪ್ಪರವಿತ್ತು. ಅಡುಗೆಯವನನ್ನು ಗದರಿದೆ. ಅವನು ಸೌಟು ಬೀಸುತ್ತಾ, “ನಮ್ಮಪ್ಪನ ಕಾಲ್ದಿಂದ ಇಂಗೇ ಐತೆ ಬುದ್ದಿ. ಒಲೆಗೂ ಚಪ್ಪರಕ್ಕೂ ಒಳ್ಳೆ ನೆಂಟಸ್ತನ” ಅಂದ. ಬೈಯಬೇಕೆಂದು ಬಾಯಿ ತೆರೆದವನು ಅವನು ಬಡಿಸಿದ ಹುಳಿ ಉಂಡು ಬಂದೆ. ಚಪ್ಪರವನ್ನು ಮಾತ್ರ ಮಾರನೆಯ ದಿನವೇ ಕೀಳಿಸಿದೆ.

ನನ್ನಲ್ಲಿದ್ದ ಒಂದೇ ಚಟ ಚುಟ್ಟಾ. ಯಾವ ಮಳಿಗೆಯ ಬಾಗಿಲಿಗೆ ಬಂದರೂ ಸೇದುತ್ತಿದ್ದ ಚುಟ್ಟಾವನ್ನು ಗೋಡೆಗೆ ಒತ್ತಿ ಆರಿಸಿ, ಉಳಿದ ಮೋಟನ್ನು ಕೋಟಿನ ಜೇಬಿಗೆ ಇಳಿಬಿಟ್ಟು ಒಳಗೆ ಹೋಗುವುದು ನನ್ನ ಪದ್ಧತಿ. ಒಗೆಯುವಾಗ ಹೆಂಡತಿ ಜೇಬಿನ ಸುಟ್ಟ ತೂತಿನೊಳಗೆ ಬೆರಳು ತೂರಿಸಿ ಆಚೆ ಕಡೆ ಆಡಿಸಿ ತೋರಿಸುತ್ತಿದ್ದಳು. “ಊರಿಗೆಲ್ಲ ಬೆಂಕಿಯ ಪಾಠ ಹೇಳ್ತೀರಿ, ನಿಮ್ಮ ಜೇಬನ್ನ ಯಾರು ಬಂದು ನೋಡ್ಬೇಕು?” ಎನ್ನುತ್ತಿದ್ದಳು. “ನಿನಗೇನೇ ಗೊತ್ತು” ಎಂದು ನಾನು ಎಗರಾಡುತ್ತಿದ್ದೆ.

ಹೀಗಿರುವಾಗ ಚನ್ನಪಟ್ಟಣದಿಂದ ಒಂದು ಅರ್ಜಿ ಬಂತು. ಅಲ್ಲಿ ಪೇಟೆಯ ನಡುವೆ ಬೊಂಬೆ ಮಾಡುವವರ ಸಾಲು ಒಂದಿತ್ತು. ಒಂದೇ ಉದ್ದನೆಯ ನಾಡಹೆಂಚಿನ ಮಾಡು, ಅದರ ಕೆಳಗೆ ಬಿದಿರಿನ ತಡಿಕೆ ಕಟ್ಟಿ ಮಾಡಿದ ಎಂಟು ಮಳಿಗೆ. ಎಂಟಕ್ಕೂ ಹಿಂಬಾಗಿಲು, ಹಿಂದೆ ಎಲ್ಲರಿಗೂ ಸೇರಿದ ಅಂಗಳ, ಅಂಗಳದಲ್ಲಿ ಒಂದು ಬಾವಿ. ಹಾಲೆ ಮರವನ್ನು ಕಡೆದು, ಬಣ್ಣದ ಅರಗು ಹಚ್ಚಿ, ಗಿಲಕಿ, ಬುಗುರಿ, ಕುದುರೆ ಮಾಡುತ್ತಿದ್ದರು. ಅರಗು ಕಾಯಿಸಲು ಪ್ರತಿ ಮಳಿಗೆಯಲ್ಲೂ ಕೆಂಡದ ಅಗ್ಗಿಷ್ಟಿಕೆ, ಅದರ ಪಕ್ಕದಲ್ಲೇ ಮೊಣಕಾಲುದ್ದ ಮರ ಕಡೆದ ಒಣ ಹೊಟ್ಟು. ಪಕ್ಕದ ಬೀದಿಯ ಜವಳಿ ವರ್ತಕರಿಗೆ ದಿಗಿಲು ಹತ್ತಿತ್ತು. ಇವರನ್ನು ಊರಾಚೆ ಕೆರೆಯ ಹಿಂದಕ್ಕೆ ಕಳಿಸಿ ಎಂದು ಅವರು ಬರೆದಿದ್ದರು. ಪುರಸಭೆಯ ಅಧ್ಯಕ್ಷರು ನನ್ನ ವರದಿ ನೋಡಿ ತೀರ್ಮಾನ ಮಾಡುತ್ತೇನೆಂದರು. ಕೆರೆಯ ಹಿಂದೆ ಬಾವಿಯೂ ಇಲ್ಲ, ರೈಲಿಳಿದು ಬೊಂಬೆ ಕೊಳ್ಳಲು ಬರುವವರು ಅಷ್ಟು ದೂರ ನಡೆಯುವವರೂ ಅಲ್ಲ. ಅಲ್ಲಿಗೆ ಹೋದರೆ ಎಂಟು ಸಂಸಾರಗಳ ಕಸುಬು ಮುಗಿದ ಹಾಗೆಯೇ.

ಮಳಿಗೆಗೆ ಮೂರು ಬಕೀಟು ಇರಬೇಕು, ಎರಡರಲ್ಲಿ ನೀರು, ಒಂದರಲ್ಲಿ ಮರಳು ಎಂದು ಕಾನೂನು. ಬರುವ ದಿನವನ್ನು ಮೊದಲೇ ತಿಳಿಸಿ ಹೋದೆ. ಮೊದಲ ಮಳಿಗೆಯಲ್ಲಿ ಕೆಂಪು ಬಣ್ಣ ಬಳಿದ ಮೂರು ಬಕೀಟು ಸಾಲಾಗಿ ನಿಂತಿದ್ದವು. ಭೇಷ್ ಎಂದುಕೊಂಡೆ. ಎರಡನೆಯದರಲ್ಲೂ ಮೂರು. ಮೂರನೆಯದರಲ್ಲಿ ಒಂದು ಬಕೀಟಿನ ಹೊಟ್ಟೆ ನಗ್ಗಿತ್ತು. ನಾಲ್ಕನೆಯದರಲ್ಲೂ ಒಂದರ ಹೊಟ್ಟೆ ನಗ್ಗಿತ್ತು, ಅದೇ ಜಾಗದಲ್ಲಿ! ಬಗ್ಗಿ ನೋಡಿದರೆ ಒಳಗಿನ ನೀರು ಇನ್ನೂ ತುಳುಕಾಡುತ್ತಿದೆ. ನಾನು ಏನೂ ಕಾಣದವನಂತೆ ಐದನೆಯ ಮಳಿಗೆಯ ಕಡೆ ಎರಡು ಹೆಜ್ಜೆ ಹಾಕಿ, ತಟ್ಟನೆ ತಿರುಗಿ ಮೊದಲನೆಯದಕ್ಕೆ ನುಗ್ಗಿದೆ. ಬಕೀಟಿದ್ದ ಕಡೆ ನೆಲದ ಮೇಲೆ ಮೂರು ಒದ್ದೆ ವೃತ್ತ ಬಿಟ್ಟರೆ ಏನೂ ಇರಲಿಲ್ಲ.

ಅಂಗಳಕ್ಕೆ ಓಡಿ ನೋಡುತ್ತೇನೆ, ಹೆಂಗಸರು ಗಂಡಸರು ಕೈಯಿಂದ ಕೈಗೆ ಬಕೀಟು ದಾಟಿಸುತ್ತಾ ಐದನೆಯ ಹಿಂಬಾಗಿಲಿಗೆ ತಲುಪಿಸುತ್ತಿದ್ದಾರೆ! ನನ್ನ ಮೈಯೆಲ್ಲ ಉರಿದುಹೋಯಿತು. “ಸರ್ಕಾರದ ಕಣ್ಣಿಗೆ ಮಣ್ಣೆರಚುತ್ತೀರಾ?” ಎಂದು ಕಿರುಚಿದೆ. ಎಲ್ಲರೂ ತಲೆ ತಗ್ಗಿಸಿದರು. ಒಬ್ಬಾಕೆ ಮಾತ್ರ ತಗ್ಗಿಸಲಿಲ್ಲ. ಆ ಸಾಲಿಗೆಲ್ಲ ಹಿರಿಯಳು, ಕೈಬೆರಳೆಲ್ಲ ಅರಗಿನ ಕೆಂಪು ಅಂಟಿದ ಮುದುಕಿ. ಎಲ್ಲರೂ ಆಕೆಯನ್ನು ದೊಡ್ಡವ್ವ ಎನ್ನುತ್ತಿದ್ದರು.

“ಕೂಗ್ಬ್ಯಾಡಿ ಬುದ್ದಿ, ಗಂಟ್ಲು ಕೆಟ್ಟೋದದು” ಎಂದಳು ದೊಡ್ಡವ್ವ. “ನಮ್ತಾವ ಇರೋವೇ ಮೂರು ಬಕೀಟು. ಮಳಿಗೆ ಎಂಟು. ಬೆಂಕಿ ಏನು ಎಂಟು ಕಡೆಗೂ ಒಂದೇ ಸಲಕ್ಕೆ ಬಂದದಾ?”

ಉತ್ತರ ಹೊಳೆಯದಿದ್ದರೆ ನನ್ನ ಕೋಪ ಇಮ್ಮಡಿಯಾಗುತ್ತದೆ. ಅದೇ ಸಂಜೆ ಕೂತು, ‘ಇವರು ಮೋಸಗಾರರು, ಕೂಡಲೇ ಊರಾಚೆಗೆ ಕಳಿಸತಕ್ಕದ್ದು’ ಎಂದು ವರದಿ ಬರೆದು ಕೋಟಿನ ಜೇಬಿನಲ್ಲಿಟ್ಟೆ.

ವರದಿಯನ್ನು ಸಂಬಂಧಪಟ್ಟವರ ಎದುರು ಓದಿ ಹೇಳಿದ ಮೇಲೆಯೇ ಪುರಸಭೆಗೆ ಕೊಡಬೇಕೆಂಬುದು ಕ್ರಮ. ಮಾರನೆಯ ದಿನ ಬೆಳಗ್ಗೆ ಮತ್ತೆ ಹೋದೆ. ಬಾಗಿಲಲ್ಲಿ ಚುಟ್ಟಾ ಆರಿಸಿ ಜೇಬಿಗೆ ಹಾಕಿದೆ. ಬಿಸಿಲು ಚುರುಗುಟ್ಟುತ್ತಿತ್ತು. ದೊಡ್ಡವ್ವನ ಮಳಿಗೆಯೊಳಗೆ ಬೆವರು ಕಿತ್ತು ಬಂದು, ಕೋಟು ಬಿಚ್ಚಿ ಗೋಡೆಯ ಗೂಟಕ್ಕೆ ತಗುಲಿಸಿದೆ. ಗೂಟದ ಕೆಳಗೇ ಹೊಟ್ಟಿನ ರಾಶಿ. ಎಂಟು ಮಳಿಗೆಯವರೂ ಬಂದು ಕುಳಿತರು. ಬರೀ ಓದಿದರೆ ನನಗೆ ತೃಪ್ತಿಯೇ? ಮೊದಲು ಬೆಂಕಿಯ ವಿಷಯದಲ್ಲಿ ಜನರ ಅಜಾಗರೂಕತೆ ಎಂಬುದರ ಮೇಲೆ ಒಂದು ಭಾಷಣ ಶುರು ಮಾಡಿದೆ.

ದೊಡ್ಡವ್ವ ಮೂಗು ಅರಳಿಸಿದಳು. “ಏನೋ ಬಟ್ಟೆ ಸುಟ್ಟ ವಾಸ್ನೆ ಬತ್ತಾ ಐತೆ.”

“ಮಾತು ತಪ್ಪಿಸಬೇಡಿ!” ಎಂದೆ ನಾನು.

“ತಪ್ಪುಸ್ತಿಲ್ಲ ಬುದ್ದಿ, ಒಸಿ ಹಿಂದಕ್ ತಿರುಗಿ.”

ತಿರುಗಿದೆ. ಅಯ್ಯಯ್ಯೋ! ಕೋಟಿನ ಜೇಬಿನಿಂದ ಹೊಗೆ ಏಳುತ್ತಿತ್ತು. ಆರಿತೆಂದುಕೊಂಡಿದ್ದ ಚುಟ್ಟಾ ಆರಿರಲಿಲ್ಲ, ಅದಕ್ಕೆ ನನ್ನ ವರದಿಯ ಕಾಗದ ಸಿಕ್ಕಿತ್ತು. ನಾನು ನೋಡುತ್ತಿದ್ದ ಹಾಗೆಯೇ ಜೇಬು ಸುಟ್ಟು ಕಿತ್ತುಹೋಗಿ, ಉರಿಯುವ ಕಾಗದ ಹೊಟ್ಟಿನ ಮೇಲೆ ಬಿತ್ತು. ಬುಸ್ಸೆಂದು ಜ್ವಾಲೆ ತಡಿಕೆಯ ಎತ್ತರಕ್ಕೆ ಎದ್ದಿತು. ಅಷ್ಟು ವರ್ಷ ಬೆಂಕಿಯ ಪಾಠ ಹೇಳಿದವನಿಗೆ ಕೈಕಾಲು ಆಡಲಿಲ್ಲ, ಸುಳ್ಳೇಕೆ ಹೇಳಲಿ. “ಬೆಂ... ಬೆಂ...” ಎಂದು ನಿಂತುಬಿಟ್ಟೆ.

ಅವರು ನಿಲ್ಲಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂಬಾಗಿಲಿನಿಂದ ಬಾವಿಯವರೆಗೆ ಸಾಲು ಕಟ್ಟಿಯಾಗಿತ್ತು. ಒಬ್ಬ ನೀರು ಸೇದಿದ, ತುಂಬಿದ ಬಕೀಟು ಬಲಗಡೆಯಿಂದ ಬಂತು, ಖಾಲಿ ಬಕೀಟು ಎಡಗಡೆಯಿಂದ ಹೋಯಿತು. ಇಬ್ಬರು ತಡಿಕೆಯನ್ನೇ ಕಿತ್ತು ಆಚೆ ಎಸೆದರು. ನಿನ್ನೆ ನನ್ನನ್ನು ಏಮಾರಿಸಲು ಓಡಾಡಿದ ಅವೇ ಮೂರು ಬಕೀಟು, ಅದೇ ನಗ್ಗಿದ ಹೊಟ್ಟೆ! ಒಂದು ಬಕೀಟು ನೀರು ಗುರಿ ತಪ್ಪಿ ನೆಟ್ಟಗೆ ನನ್ನ ಜರಿ ಪೇಟದ ಮೇಲೆ ಬಿತ್ತು. ಗುರಿ ತಪ್ಪಿದ್ದೋ, ಗುರಿಯಿಟ್ಟಿದ್ದೋ ನನಗೆ ಇವತ್ತಿಗೂ ತಿಳಿಯದು. ನಾನು ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಬೆಂಕಿ ಆರಿತ್ತು. ಸುಟ್ಟದ್ದು ಒಂದು ರಾಶಿ ಹೊಟ್ಟು, ನನ್ನ ಕೋಟಿನ ಒಂದು ಪಕ್ಕ ಮತ್ತು ವರದಿ.

ಪೇಟದಿಂದ ನೀರು ಸುರಿಸಿಕೊಂಡು ನಿಂತ ನನ್ನನ್ನು ನೋಡಿ ಒಬ್ಬಳು ಕಿಸಕ್ಕೆಂದಳು. ಅಷ್ಟೇ ಸಾಕಾಯಿತು, ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನಗೂ ತಡೆಯಲಾಗಲಿಲ್ಲ. ಆದರೆ ನಗುತ್ತಾ ನಗುತ್ತಾ ದೊಡ್ಡವ್ವನ ಮುಖ ಬಾಡಿತು. ಆಕೆ ಕರಿಕಾದ ನೆಲವನ್ನೇ ನೋಡುತ್ತಾ ನಿಧಾನವಾಗಿ ಹೇಳಿದಳು: “ಆದ್ರೂ ಬೆಂಕಿ ಬಿತ್ತಲ್ಲ ಬುದ್ದಿ. ಬಟ್ಟೆ ಅಂಗ್ಡಿಯೋರು ಯೋಳಿದ್ದೇ ನಿಜ ಆಗ್ಬುಡ್ತು. ಇನ್ನು ನಮ್ಮನ್ನ ಕೆರೆ ಹಿಂದಕ್ ಓಡುಸ್ತಾರೆ.”

ಯಾರೂ ನನ್ನತ್ತ ಬೆರಳು ತೋರಿಸಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಅಗ್ಗಿಷ್ಟಿಕೆಯ ಕಿಡಿಯಿಂದ ಹತ್ತಿತು ಎಂದು ನಾನು ಬರೆದಿದ್ದರೆ ಯಾರು ಕೇಳುವವರಿದ್ದರು? ಆ ಯೋಚನೆ ಒಂದು ಗಳಿಗೆ ಬಂತು. ಬಂದಿತೆಂದು ಒಪ್ಪಿಕೊಳ್ಳಲು ಇಂದೂ ನಾಚಿಕೆಯಾಗುತ್ತದೆ. ನೆಲದಲ್ಲಿ ಬಿದ್ದಿದ್ದ ಚುಟ್ಟಾದ ಮೋಟನ್ನು ಎತ್ತಿ ಬಟ್ಟೆಯಲ್ಲಿ ಸುತ್ತಿಕೊಂಡು, ಒದ್ದೆ ಪೇಟದಲ್ಲೇ ಹೊರಟೆ.

ಪುರಸಭೆಯ ಸಭೆಯಲ್ಲಿ ಜವಳಿ ವರ್ತಕರೂ ಇದ್ದರು, ಬೊಂಬೆಯವರೂ ಹಿಂದೆ ಗೋಡೆಗೊರಗಿ ನಿಂತಿದ್ದರು. ಹೊಸ ವರದಿಯನ್ನು ನಾನೇ ಗಟ್ಟಿಯಾಗಿ ಓದಿದೆ. “ಬೆಂಕಿ ಬಿದ್ದದ್ದು ನಿಜ. ಕಾರಣ: ಇನ್ಸ್‌ಪೆಕ್ಟರ ಕೋಟಿನ ಜೇಬು. ಆರಿಸಿದವರು: ಎಂಟು ಮಳಿಗೆಯವರು. ಇನ್ಸ್‌ಪೆಕ್ಟರು ಯಾವ ಸಹಾಯವನ್ನೂ ಮಾಡಲಿಲ್ಲ.” ಮೇಜಿನ ಮೇಲೆ ಚುಟ್ಟಾದ ಮೋಟನ್ನೂ ಇಟ್ಟೆ. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೀರು ಒರೆಸಿಕೊಂಡರು, ನಗು ತಡೆಯಲಾರದೆ. “ಜವಳಿ ಬೀದಿಗೆ ಬೆಂಕಿ ಬಿದ್ದರೆ ಮೊದಲು ಓಡಿಬರುವವರೂ ಇವರೇ. ಇವರನ್ನು ದೂರ ಕಳಿಸಿದರೆ ನಷ್ಟ ನಿಮಗೇ” ಎಂದು ನಾನು ವರ್ತಕರಿಗೆ ಹೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರ್ಜಿ ವಾಪಸಾಯಿತು.

ಷರತ್ತುಗಳನ್ನೂ ಬರೆದೆ, ಬಿಡಲಿಲ್ಲ. ಅಗ್ಗಿಷ್ಟಿಕೆಗಳು ಬಾವಿಯ ಬಳಿಗೆ ಹೋಗಬೇಕು, ಹೊಟ್ಟನ್ನು ದಿನಾ ಸಂಜೆ ಹೊರಗೆ ಹಾಕಬೇಕು, ಬಕೀಟು ಮಳಿಗೆಗೆ ಮೂರರಂತೆ ಇರಲೇಬೇಕು. ಎಲ್ಲಕ್ಕೂ ಹೂಂ ಎಂದ ದೊಡ್ಡವ್ವ, “ನಮ್ದೂ ಒಂದು ಬರ್ಕಳಿ ಬುದ್ದಿ” ಎಂದಳು. “ನಮ್ ಸಾಲಿಗೆ ಯಾರೇ ಬರ್ಲಿ, ಜೇಬು ತೋರ್ಸಿ ಒಳಕ್ ಬರ್ಬೇಕು.” ಅದನ್ನೂ ಬರೆದುಕೊಂಡೆ.

ಅಂದಿನಿಂದ ನಾನು ತಪಾಸಣೆಗೆ ಹೋದಾಗಲೆಲ್ಲ ಮೊದಲು ನನ್ನ ತಪಾಸಣೆ. ದೊಡ್ಡವ್ವ ಬಾಗಿಲಲ್ಲಿ ಕೈಚಾಚಿ ನಿಲ್ಲುವಳು, ನಾನು ಜೇಬು ಹೊರಗೆಳೆದು ತೋರಿಸುವೆ, ಚುಟ್ಟಾ ಇದ್ದರೆ ಆಕೆ ಅದನ್ನು ನಗ್ಗಿದ ಬಕೀಟಿನ ನೀರಿಗೆ ಚೊಯ್ ಎಂದು ಹಾಕುವಳು. ಎಷ್ಟು ಚುಟ್ಟಾ ಹಾಗೆ ಹೋದವೋ! ಒಮ್ಮೆಯೂ ನನಗೆ ಕೋಪ ಬರಲಿಲ್ಲ. ಹೆಂಡತಿಗೆ ಇದನ್ನು ಹೇಳಿದಾಗ, “ಆ ಪುಣ್ಯಾತಗಿತ್ತಿಗೆ ಒಂದು ಸೀರೆ ಉಡಿಸಿ ಬರ್ತೀನಿ” ಎಂದು ಹೊರಟೇಬಿಟ್ಟಳು. ಉಡಿಸಿಯೂ ಬಂದಳು.

ಕೆಲಸದಿಂದ ನಿವೃತ್ತನಾಗಿ ಕೆಲವು ವರ್ಷಗಳ ಮೇಲೆ, ಮೊಮ್ಮಗಳ ನಾಮಕರಣಕ್ಕೆ ಒಂದು ಗಿಲಕಿ ಬೇಕೆಂದು ಮತ್ತೆ ಆ ಸಾಲಿಗೆ ಹೋದೆ. ದೊಡ್ಡವ್ವ ಬಾಗಿಲಲ್ಲೇ ಕೂತಿದ್ದಳು. ಕಣ್ಣು ಪೂರಾ ಹೋಗಿತ್ತಂತೆ. ಹೆಜ್ಜೆಯ ಸದ್ದು ಕೇಳಿ ಕೈ ಚಾಚಿದಳು. “ಯಾರಪ್ಪಾ? ಜೇಬು ತೋರ್ಸು.”

ನಾನು ಮಾತಾಡದೆ ಮುಂದೆ ಬಾಗಿದೆ. ಆಕೆ ನನ್ನ ಕೋಟಿನ ಜೇಬಿಗೆ ಕೈ ಹಾಕಿ ತಡವಿದಳು. ಬೆರಳು ಒಂದು ಸುಟ್ಟ ತೂತಿನಲ್ಲಿ ಸಿಕ್ಕಿತು. ಅದನ್ನು ಅತ್ತಿತ್ತ ಆಡಿಸಿ ನೋಡಿದಳು. ಬೊಚ್ಚು ಬಾಯಿ ಅಗಲವಾಯಿತು.

“ಓಹೋ, ನಮ್ಮ ಇನ್ಸ್‌ಪೆಟ್ರು! ಬನ್ನಿ ಬುದ್ದಿ, ಬನ್ನಿ” ಎಂದಳು. ಆಮೇಲೆ ಒಳಕ್ಕೆ ತಿರುಗಿ ಕೂಗಿದಳು: “ಲೇ, ಬಕೀಟು ತಕ್ಕಂಬನ್ರಲಾ!”