ವೀಸದ ಯಂತ್ರ ಮಾಡಿದಾಕಿ

ಡಲ್ಲಾಸ್ ಪಕ್ಕದ ಮರ್ಫಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬೀದಿಯ ಮನೆಗಳೆಲ್ಲ ಗಪ್ಪಾಗಿ ಮಲಗಿವೆ. ಒಂದು ಗ್ಯಾರೇಜಿನ ಬಾಗಿಲು ಮಾತ್ರ ಸೊಂಟದೆತ್ತರಕ್ಕೆ ಎದ್ದಿದೆ. ಬಗ್ಗಿ ಒಳಗೆ ಹೋದರೆ ಅಲ್ಲಿ ಕಾರಿಲ್ಲ. ಇಳಕಲ್ ಸೀರೆ ಉಟ್ಟು, ಕಾಲಿಗೆ ಸ್ನೀಕರ್ಸ್ ಹಾಕಿ, ಹಣೆಗೆ ಪುಟ್ಟ ಟಾರ್ಚ್ ಕಟ್ಟಿಕೊಂಡ ಎಪ್ಪತ್ತೇಳರ ಗಂಗವ್ವ ಒಂದು ಕಬ್ಬಿಣದ ಪೆಟ್ಟಿಗೆಯ ಹೊಟ್ಟೆಗೆ ಸ್ಕ್ರೂಡ್ರೈವರ್ ಇಳಿಸಿ ಕೂತಿದ್ದಾರೆ.

"ಸ್ವಲ್ಪ ತಡೀರಿ, ಮಾತಾಡಬ್ಯಾಡ್ರಿ," ಎನ್ನುತ್ತಾರೆ ನಮಸ್ಕಾರಕ್ಕೂ ಮೊದಲೇ. ಪೆಟ್ಟಿಗೆಯ ಪಕ್ಕದ ಹಿಡಿಕೆಯನ್ನು ಒಂದು ಸುತ್ತು ತಿರುಗಿಸುತ್ತಾರೆ. ಕರಕರ ಎಂದು ಹಲ್ಲುಚಕ್ರಗಳು ಸರಿದು ಕೊನೆಗೆ ಟಕ್ ಎನ್ನುತ್ತವೆ. "ಕೇಳಿಸ್ತಿಲ್ಲೋ? ಈ ಟಕ್ ಬರಬೇಕು. ನಿನ್ನೆ ಬರ್ತಿದ್ದಿಲ್ಲ."

ಇದು 2016ರ ಆಗಸ್ಟ್. ಬಿಸಿಲೇರಿದರೆ ಈ ಗ್ಯಾರೇಜು ರೊಟ್ಟಿ ಹಂಚಾಗುತ್ತದೆ. ಅದಕ್ಕೇ ಗಂಗವ್ವನವರ ಕೆಲಸವೆಲ್ಲ ನಸುಕಿನಲ್ಲಿ. ಡಲ್ಲಾಸಿನ ಇನ್ನೊಂದು ಮಗ್ಗುಲಿಗಿರುವ ಇರ್ವಿಂಗಿನ ನನ್ನಂಥ ಸೋಮಾರಿ ಶನಿವಾರ ಇಷ್ಟು ಬೇಗ ಎದ್ದು ಡ್ರೈವ್ ಮಾಡಿಕೊಂಡು ಬಂದದ್ದೇ ದೊಡ್ಡ ಸಾಧನೆ ಅಂದುಕೊಂಡಿದ್ದೆ. ಅವರ ಎರಡನೇ ಚಹಾ ಆಗಲೇ ಮುಗಿದಿದೆ.

ಮೇಜಿನ ಮೇಲಿರುವುದು ಲೆಕ್ಕದ ಯಂತ್ರ. ಕರೆಂಟು ಬೇಡ, ಬ್ಯಾಟರಿ ಬೇಡ. ಅಂಕಿ ಒತ್ತಿ ಹಿಡಿಕೆ ತಿರುಗಿಸಿದರೆ ಕೂಡುತ್ತದೆ, ಹಿಂದಕ್ಕೆ ತಿರುಗಿಸಿದರೆ ಕಳೆಯುತ್ತದೆ. ಅಂಥವು ಹಿಂದೆ ಲೋಕದಲ್ಲಿ ಬೇಕಾದಷ್ಟಿದ್ದವು. ಇದರ ವಿಶೇಷ ಬೇರೆ. ಇದರಲ್ಲಿ ಅಡಿ, ಅಂಗುಲಗಳಿಗೆ ಗುಂಡಿಗಳಿವೆ. ಅವುಗಳ ಪಕ್ಕದಲ್ಲಿ ಕಾಲು, ಅರೆ, ಮುಕ್ಕಾಲು, ಅರೆಕಾಲು, ಕೊನೆಗೆ ಅಂಗುಲದ ಹದಿನಾರರಲ್ಲಿ ಒಂದು ಪಾಲು, ಅಂದರೆ ನಮ್ಮ ಹಳೆಯ ವೀಸ. ಬಡಗಿಯೊಬ್ಬ ಬಾಗಿಲಿನ ಚೌಕಟ್ಟಿಗೆ ಮರ ಕೊಯ್ಯುವಾಗ ಮಾಡುವ ಲೆಕ್ಕವನ್ನೆಲ್ಲ ಇದು ದಶಮಾಂಶದ ತಂಟೆಯಿಲ್ಲದೆ ಮಾಡಿ ಮುಗಿಸುತ್ತದೆ. ಇದನ್ನು ಕಂಡುಹಿಡಿದದ್ದು, ಕಾರ್ಖಾನೆ ಕಟ್ಟಿ ಮಾಡಿದ್ದು, ಗಂಗವ್ವ.

ಆದರೆ ಈ ಯಂತ್ರಗಳು ಮಾರಾಟವಾದದ್ದು ಬೇರೆಯವರ ಹೆಸರಿನ ತಗಡು ಹೊತ್ತು. ಜಗಳ ಇರುವುದೇ ಅಲ್ಲಿ.

ಗಂಗವ್ವ ಹುಟ್ಟಿದ್ದು ಗದಗಿನಲ್ಲಿ. ತಂದೆ ಹತ್ತಿ ಪೇಟೆಯಲ್ಲಿ ತಕ್ಕಡಿ ರಿಪೇರಿ ಮಾಡುತ್ತಿದ್ದರು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. "ಮೂರು ಮುಕ್ಕಾಲು ಎರಡೂಕಾಲು, ಐದು ಮುಕ್ಕಾಲು ಮೂರೂಮುಕ್ಕಾಲು," ಎಂದು ಈಗಲೂ ರಾಗವಾಗಿ ಒಪ್ಪಿಸುತ್ತಾರೆ. ಧಾರವಾಡದಲ್ಲಿ ಗಣಿತ ಓದಿ, ಡಾಕ್ಟರ್ ನಾಗರಾಜ್ ಅವರನ್ನು ಮದುವೆಯಾಗಿ, 1967ರಲ್ಲಿ ಹೂಸ್ಟನ್‌ಗೆ ಬಂದರು. ಗಂಡ ಹಗಲೂ ರಾತ್ರಿ ಆಸ್ಪತ್ರೆಯಲ್ಲಿ. ಇವರು ಹತ್ತಿರದ ಮರದ ಅಂಗಡಿಯಲ್ಲಿ ಕೌಂಟರ್ ಕೆಲಸಕ್ಕೆ ಸೇರಿದರು.

"ಅಲ್ಲಿ ಮಂದಿ ಹಲಗಿ ಮ್ಯಾಲೆ ಪೆನ್ಸಿಲ್ಲಿಂದ ಲೆಕ್ಕಾ ಬರೀತಿದ್ರು. ಕಾಲು, ಅರೆಕಾಲು, ವೀಸ. ನನಗ ನಗು ಬಂತ್ರಿ. ಏನಿದು, ನಮ್ಮಪ್ಪನ ಅಂಗಡಿ ಇಲ್ಲೇ ಐತಲ್ಲಾ ಅಂತ! ಮಷೀನ್ ಇದ್ವು, ಆದ್ರ ಎಲ್ಲಾ ಹತ್ತರ ಲೆಕ್ಕದ್ದು. ಹದಿನಾರರ ಲೆಕ್ಕಕ್ಕ ಯಾಕಿಲ್ಲ?"

ಯಾರದೋ ಮನೆಯ ಹಳೆ ಸಾಮಾನಿನ ಮಾರಾಟದಲ್ಲಿ ಒಂದು ಕೆಟ್ಟ ಕೂಡುಯಂತ್ರ ತಂದು ಬಿಚ್ಚಿದರು. ಒಳಗೆ ಹತ್ತು ಹಲ್ಲಿನ ಚಕ್ರಗಳು. ಅವುಗಳ ಜಾಗಕ್ಕೆ ಹದಿನಾರು ಹಲ್ಲಿನದೊಂದು, ಹನ್ನೆರಡು ಹಲ್ಲಿನದೊಂದು ಬೇಕು. ಆಗ ವೀಸಗಳು ತುಂಬಿದರೆ ಅಂಗುಲಕ್ಕೆ ಒಂದು ಸೇರುತ್ತದೆ, ಅಂಗುಲ ತುಂಬಿದರೆ ಅಡಿಗೆ ಒಂದು. ಹೂಸ್ಟನ್ನಿನಲ್ಲಿ ಎಣ್ಣೆಬಾವಿಗೆ ಉಪಕರಣ ಮಾಡುವ ಲೇತ್ ಅಂಗಡಿಗಳಿಗೆ ಬರವಿಲ್ಲ. ಸೀರೆ ಉಟ್ಟ ಹೆಂಗಸೊಬ್ಬಳು ಕಾಗದದಲ್ಲಿ ಚಕ್ರದ ಚಿತ್ರ ಹಿಡಿದು ಒಂದೊಂದೇ ಅಂಗಡಿ ಹತ್ತಿದಳು. ಹಲವರು ನಕ್ಕು ಕಳಿಸಿದರು. ಒಬ್ಬ ಮುದುಕ ನಗುತ್ತಲೇ ಕೊರೆದುಕೊಟ್ಟ.

1970ರ ಅಕ್ಟೋಬರಿನಲ್ಲಿ ಯಂತ್ರವನ್ನು ಹೂಸ್ಟನ್ನಿನ ಹಾರ್ಡ್‌ವೇರ್ ಮೇಳಕ್ಕೆ ಒಯ್ಯುವುದೆಂದಾಯಿತು. ಹಿಂದಿನ ದಿನವೇ ಆಯುಧಪೂಜೆ. ಬಿಡುತ್ತಾರೆಯೇ? ಗಂಡ ಹೆಂಡತಿ ಸೇರಿ ಯಂತ್ರಕ್ಕೆ ಅರಿಶಿನ ಕುಂಕುಮ ಇಟ್ಟು, ಹೂವೇರಿಸಿ, ಧಾರಾಳವಾಗಿ ಅಕ್ಷತೆ ಹಾಕಿ ಕೈಮುಗಿದರು. ಮರುದಿನ ವ್ಯಾಪಾರಿಗಳ ಮುಂದೆ ಹಿಡಿಕೆ ತಿರುಗಿಸಿದರೆ ಅರ್ಧಕ್ಕೇ ನಿಂತಿತು. ಅಕ್ಷತೆ ಕಾಳೊಂದು ಎರಡು ಚಕ್ರಗಳ ನಡುವೆ ಸೇರಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜೆಯೇ ಅಡ್ಡ ಬಂತು.

"ಎಲ್ಲಾರೂ ಎದ್ದು ಹೋದ್ರು. ನಾ ಅತ್ತೆ. ಸುಳ್ಳ್ಯಾಕ ಹೇಳಲಿ, ಸಿಟ್ಟಿನಿಂದ ಅತ್ತೆ. ಆಮ್ಯಾಲೆ ಮನೀಗೆ ಬಂದು ವಿಚಾರ ಮಾಡಿದೆ. ಅಕ್ಕಿಕಾಳು ಹೋಗ್ತೈತಿ ಅಂದ್ರ ಮರದ ಪುಡಿ ಹೋಗಂಗಿಲ್ಲೇನು? ಮರದ ಅಂಗಡಿಗೇ ಮಾರಾಕಿ ನಾನು!"

ಗುಂಡಿಗಳ ಬುಡಕ್ಕೆ ಉಣ್ಣೆಯ ಪಟ್ಟಿ, ಮೇಲೊಂದು ಬಿಗಿ ಮುಚ್ಚಳ ಬಂದದ್ದು ಹೀಗೆ. ಆ ಮುಚ್ಚಳ ಇಲ್ಲದಿದ್ದರೆ ಐದು ದಶಕದ ಹತ್ತಿರ ಮರದ ಪುಡಿ ತಿಂದುಕೊಂಡು ಈ ಯಂತ್ರಗಳು ಬದುಕುತ್ತಿರಲಿಲ್ಲ. ಅಂದಿನಿಂದ ಇಂದಿನವರೆಗೂ ಪೂಜೆ ನಿಂತಿಲ್ಲ. ಅಕ್ಷತೆ ಮಾತ್ರ ಮುಚ್ಚಳದ ಮೇಲೆ.

ಗಂಡನಿಗೆ ಡಲ್ಲಾಸಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕು ಸಂಸಾರ ಇತ್ತ ಬಂದ ಮೇಲೆ, ಇರ್ವಿಂಗಿನಲ್ಲಿ ಒಂದು ಶೆಡ್ ಹಿಡಿದು ಕಾರ್ಖಾನೆ ಶುರುವಾಯಿತು. ಯಂತ್ರ ಚೆನ್ನಾಗಿತ್ತು, ಆದರೆ ಸೀರೆ ಉಟ್ಟವಳ ಕೈಯಿಂದ ಕೊಳ್ಳಲು ಅಂಗಡಿಯವರಿಗೆ ಧೈರ್ಯವಿಲ್ಲ. ಆಗ ಹೂಸ್ಟನ್ನಿನ ಒಂದು ಮಾರಾಟ ಕಂಪನಿ ಮುಂದೆ ಬಂತು. ಮಾರಿಕೊಡುತ್ತೇವೆ, ಆದರೆ ಹೆಸರು ನಮ್ಮದು ಎಂದಿತು. ಗಂಗವ್ವ ಒಪ್ಪಿದರು. ಕೈ ಕೆಸರಾದದ್ದು ಇವರದು, ಮೊಸರು ಮಾತ್ರ ಅವರ ಬಾಯಿಗೆ. "ನನ್ನ ಶೆಡ್ಡಿನಾಗ ಆರು ಮಂದಿ ಹೆಣ್ಮಕ್ಕಳು ಕೆಲಸಕ್ಕಿದ್ರು. ಹೆಸರಿಗಂತ ಜಗಳಾ ತಗದಿದ್ರ ಅವರ ಒಲಿ ಆರ್ತಿತ್ತು. ಅವತ್ತು ಬಾಯಿ ಮುಚ್ಚಿಕೊಂಡಿದ್ದು ತಪ್ಪಲ್ಲ. ಯಾವತ್ತೂ ಮುಚ್ಚಿಕೊಂಡಿರತೀನಿ ಅಂತ ತಿಳಕೊಂಡದ್ದು ಅವರ ತಪ್ಪು."

ಎಂಟುನೂರು ಯಂತ್ರಗಳು ಹೊರಬಿದ್ದವು. ಅಷ್ಟರಲ್ಲಿ ಜೇಬಿನಲ್ಲಿ ಇಟ್ಟುಕೊಳ್ಳುವ ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರುಗಳು ಬಂದವು. ಅವಕ್ಕೆ ವೀಸ ಗೊತ್ತಿಲ್ಲದಿದ್ದರೇನು, ಅಗ್ಗವಾಗಿದ್ದವು. ಶೆಡ್ ಮುಚ್ಚಿತು. ಕೆಲವು ವರ್ಷಗಳಲ್ಲಿ ಮಾರಾಟದ ಕಂಪನಿಯೂ ಮುಳುಗಿತು. ಗಂಗವ್ವ ಡಲ್ಲಾಸಿನ ಒಂದು ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿ ನಿವೃತ್ತಿಯವರೆಗೂ ಅಲ್ಲೇ ದುಡಿದರು. ಆದರೆ ಪ್ರತಿ ಯಂತ್ರದ ಜೊತೆಗೂ ಒಂದು ಮಾತು ಕೊಟ್ಟಿದ್ದರು. ಮಾಡಿದಾಕೆ ಬದುಕಿರುವವರೆಗೂ ಗ್ಯಾರಂಟಿ ಎಂದು. ಆ ಮಾತು ಇನ್ನೂ ನಡೆಯುತ್ತಿದೆ. ಹೂಸ್ಟನ್, ಆಸ್ಟಿನ್, ಸುತ್ತಲಿನ ಊರುಗಳಲ್ಲಿ ಅರವತ್ತರಷ್ಟು ಯಂತ್ರಗಳು ಇನ್ನೂ ದುಡಿಯುತ್ತಿವೆ. ಕೆಟ್ಟಾಗ ಇಲ್ಲಿಗೆ ಬರುತ್ತವೆ, ಒಂದಕ್ಕೆ ಮೂರು ನಾಲ್ಕು ಬೆಳಗು ಹಿಡಿಯುತ್ತದೆ. ಈಗ ಮೇಜಿನ ಮೇಲಿರುವುದು ಹೂಸ್ಟನ್ನಿನಲ್ಲಿ ಬಾಗಿಲು ಮಾಡುವ ಹೆಕ್ಟರ್ ಅವರದು. ಫೋನಿನಲ್ಲಿ ಮಾತಾಡಿಸಿದರೆ ಅವರು ಹೇಳುವುದು ಇಷ್ಟೇ: "ಫೋನಿನಲ್ಲಿ ಲೆಕ್ಕ ಮಾಡಬಹುದು ಸರ್. ಆದರೆ ಅಂಟು ಮೆತ್ತಿದ ಕೈಯಲ್ಲಿ ಫೋನ್ ಮುಟ್ಟಿ ನೋಡಿ."

ಈ ಮೇ ತಿಂಗಳವರೆಗೂ ತಗಡಿನ ಮೇಲಿನ ಹೆಸರು ಗಂಗವ್ವನವರನ್ನು ಅಷ್ಟಾಗಿ ಕಾಡಿರಲಿಲ್ಲ. ಕಾಪೆಲ್‌ನಲ್ಲಿರುವ ಮಗಳು ಸುಮೇಧಾ ಆಗ ಅಮ್ಮನನ್ನು ಆಸ್ಟಿನ್‌ಗೆ ಕರೆದುಕೊಂಡು ಹೋದಳು. ಅಲ್ಲಿನ ಒಂದು ಪುಟ್ಟ ಖಾಸಗಿ ಮ್ಯೂಸಿಯಂನಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿದ ಲೆಕ್ಕದ ಯಂತ್ರಗಳ ಪ್ರದರ್ಶನ. ಗಾಜಿನೊಳಗೆ ಇವರ ಯಂತ್ರ. ಕೆಳಗೆ ಕಾರ್ಡಿನಲ್ಲಿ, ಇದನ್ನು ಕಂಡುಹಿಡಿದವರು ಹೂಸ್ಟನ್ ಕಂಪನಿಯ ಮಾಲೀಕರು ಎಂದು ಬರೆದಿತ್ತು. "ಮಾರಿದಾಂವ ಅಂತ ಬರದಿದ್ರ ಸುಮ್ಮನಿರತಿದ್ದೆ. ಕಂಡುಹಿಡಿದಾಂವ ಅಂತ! ಆ ಮನಶಾಗ ಹಿಡಿಕಿ ಯಾ ಕಡೆ ತಿರಗತೈತಿ ಅನ್ನೂದೂ ಗೊತ್ತಿದ್ದಿಲ್ರಿ."

ಸುಮೇಧಾ ಅಮ್ಮನ ಕೈ ಹಿಡಿದು "ಅಮ್ಮಾ, ಲೆಟ್ ಇಟ್ ಗೋ" ಅಂದಳಂತೆ. ಗಂಗವ್ವ ಬಿಡಲಿಲ್ಲ. ಮ್ಯೂಸಿಯಂ ನೋಡಿಕೊಳ್ಳುವ ಮೆಲಿಸ್ಸಾ ಅವರನ್ನು ಕರೆಸಿ, ಗಾಜು ತೆಗೆಸಿ, ಒಳಗಿನ ಚಕ್ರಗಳು ಯಾಕೆ ಹೀಗಿವೆ ಎಂದು ನಿಂತಲ್ಲೇ ವಿವರಿಸಿದರು. ಮೆಲಿಸ್ಸಾ ಒಳ್ಳೆಯ ಹೆಂಗಸು, ನಂಬಿದರು. ಅವರ ಕಮಿಟಿ ನಂಬಲಿಲ್ಲ. ತಿಂಗಳ ಮೇಲೆ ಒಂದು ರಾಜಿ ಬಂತು. ಕಾರ್ಡಿನ ಕೊನೆಯಲ್ಲಿ "ಸಹಕಾರ: ಗಂಗವ್ವ" ಎಂದು ಸೇರಿಸುತ್ತಾರಂತೆ.

"ಸಹಕಾರ!" ಗ್ಯಾರೇಜಿನಲ್ಲಿ ಆ ಪದ ಇಕ್ಕಳ ಬಿದ್ದಷ್ಟು ಜೋರಾಗಿ ಬೀಳುತ್ತದೆ. "ಹಡದಾಕಿಗೆ ಸೂಲಗಿತ್ತಿ ಅಂದಂಗಾತು. ಬ್ಯಾಡ ಅಂದೆ."

ಹಾಗೆಂದು ಸುಮ್ಮನೆ ಕೂರಲಿಲ್ಲ. ಹಿತ್ತಾಳೆ ಹಾಳೆ ತಂದು, ತಾವೇ ಕತ್ತರಿಸಿ, ತಾವೇ ಅಕ್ಷರ ಕೊರೆದು ತಗಡುಗಳನ್ನು ಮಾಡಿಕೊಂಡರು. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್: ಮಾಡಿದಾಕಿ ಗಂಗವ್ವ, ಗದಗ. ರಿಪೇರಿಗೆ ಬಂದ ಯಂತ್ರಗಳ ಯಜಮಾನರನ್ನು ಕೇಳಿ ಹಳೆಯದನ್ನು ಬಿಚ್ಚಿ ಇದನ್ನು ಕೂರಿಸುತ್ತಿದ್ದಾರೆ. ರಜೆ ಸಿಕ್ಕಾಗ ಸುಮೇಧಾಳೇ ಹೂಸ್ಟನ್‌ವರೆಗೂ ಡ್ರೈವ್ ಮಾಡುತ್ತಾಳೆ. ಬಿಟ್ಟುಬಿಡು ಅಂದವಳು ಈಗ ಸ್ಕ್ರೂ ಎಣಿಸಿ ಕೊಡುತ್ತಾಳೆ. ಎಲ್ಲರೂ ಒಪ್ಪುತ್ತಾರೆ ಎಂದಲ್ಲ. ಒಬ್ಬರು, ಆ ತಗಡು ನಮ್ಮಪ್ಪ ದಿನಾ ಒರೆಸುತ್ತಿದ್ದದ್ದು, ತೆಗೆಯಬೇಡಿ ಅಂದರಂತೆ. ಗಂಗವ್ವ ಮುಟ್ಟದೆ ರಿಪೇರಿ ಮಾಡಿ ಕೊಟ್ಟು ಬಂದರು. "ಅದು ಅವನ ಅಪ್ಪನ ನೆನಪು. ಅದನ್ನ ಕಿತ್ತುಕೊಳ್ಳಾಕ ನಾ ಯಾರು? ಆದ್ರ ಮ್ಯೂಸಿಯಂ ಹಂಗಲ್ಲ. ಅದು ಬಂದ ಮಂದಿಗೆಲ್ಲಾ ಸುಳ್ಳು ಓದಿಸ್ತೈತಿ."

ಬಿಸಿಲು ಗ್ಯಾರೇಜಿನ ಹೊಸ್ತಿಲಿಗೆ ಬರುವ ಹೊತ್ತಿಗೆ ಹೊರಗೆ ಕಾರೊಂದು ನಿಲ್ಲುತ್ತದೆ. ಇಳಿದವರು ಮೆಲಿಸ್ಸಾ. ಆಸ್ಟಿನ್‌ನಿಂದ ನಸುಕಿಗೇ ಹೊರಟು ಬಂದಿದ್ದಾರೆ. ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಸಿಕೊಂಡು ಕೂತಿರುವುದು ಮ್ಯೂಸಿಯಂನ ಯಂತ್ರ. ಶಾಲೆಯ ಮಕ್ಕಳಿಗೆ ತೋರಿಸಲು ಹೋಗಿ ಹಿಡಿಕೆ ಬಿಗಿದುಕೊಂಡಿದೆ. ಸರಿಮಾಡಬಲ್ಲವರು ದೇಶದಲ್ಲಿ ಇನ್ನೊಬ್ಬರಿಲ್ಲ. ಫೋನಿನಲ್ಲೇ ಗಂಗವ್ವ ಹೇಳಿಬಿಟ್ಟಿದ್ದರು: ತನ್ನಿ, ಆದರೆ ಹೋಗುವಾಗ ನನ್ನ ಹೆಸರಿನ ಜೊತೆಗೇ ಹೋಗುತ್ತದೆ.

ಮೆಲಿಸ್ಸಾ ಸಂಕೋಚದಿಂದಲೇ ಶುರುಮಾಡುತ್ತಾರೆ. ಮಾತು ಇಂಗ್ಲಿಷಿನಲ್ಲಿ, ಗಂಗವ್ವನವರದು ಗದಗ ಮತ್ತು ಟೆಕ್ಸಸ್ ಕಲೆಸಿದ ಇಂಗ್ಲಿಷು. "ಕಾರ್ಡ್ ಬದಲಿಸುವುದಕ್ಕೆ ಕಮಿಟಿಯನ್ನು ಇನ್ನೊಮ್ಮೆ ಕೇಳುತ್ತೇನೆ. ಆದರೆ ವಸ್ತುವನ್ನು ಬದಲಿಸುವ ಹಾಗಿಲ್ಲ. ನಮ್ಮ ನಿಯಮ ಅದು."

"ಬದಲಿಸಿದವಳು ನಾನಲ್ಲ. ನನ್ನ ಶೆಡ್ಡಿನಿಂದ ಹೋಗುವಾಗ ಇದರ ಮೇಲೆ ತಗಡೇ ಇರಲಿಲ್ಲ. ತೂತು ಹೊಡೆದು ಹಾಕಿದವರು ಆ ಕಂಪನಿಯವರು," ಎನ್ನುತ್ತಾರೆ ಗಂಗವ್ವ. "ಅವರದನ್ನು ತೆಗೆಯುವುದಿಲ್ಲ, ಇರಲಿ. ಮಾರಿದ್ದು ಅವರೇ. ಮೇಲೆ ನನ್ನದು ಬರುತ್ತದೆ. ಎರಡೂ ನಿಜ. ಕಾರ್ಡನ್ನು ನೀವು ನಾಳೆ ಮತ್ತೆ ಬದಲಿಸಬಹುದು. ತಗಡು ಬದಲಿಸಲು ಸ್ಕ್ರೂ ಬಿಚ್ಚಬೇಕು."

"ಒಪ್ಪದಿದ್ದರೆ?"

"ಕೆಟ್ಟದ್ದನ್ನೇ ಇಟ್ಟುಕೊಳ್ಳಿ. ಮಾಡಿದವರು ಅವರಾದರೆ ಅವರನ್ನೇ ಕರೆಸಿ."

ಮೆಲಿಸ್ಸಾ ಮೇಜಿನ ಮೇಲಿದ್ದ ಹೆಕ್ಟರ್ ಅವರ ಯಂತ್ರದ ಹೊಸ ತಗಡನ್ನು ಬೆರಳಿನಿಂದ ಸವರಿ ನೋಡುತ್ತಾರೆ. ಓದಲು ಬಾರದ ಕನ್ನಡ ಅಕ್ಷರಗಳ ಮೇಲೆ ಬೆರಳು ಸ್ವಲ್ಪ ಹೊತ್ತು ನಿಲ್ಲುತ್ತದೆ. ಕೊನೆಗೆ ಮೆಲಿಸ್ಸಾ ಕಾರಿನ ಬಾಗಿಲು ತೆರೆದು ಬೆಲ್ಟ್ ಬಿಚ್ಚುತ್ತಾರೆ. "ಕಮಿಟಿಗೆ ನಾನು ಉತ್ತರ ಕೊಡುತ್ತೇನೆ," ಎನ್ನುತ್ತಾರೆ.

ಇಬ್ಬರೂ ಸೇರಿ ಯಂತ್ರವನ್ನು ಮೇಜಿಗೆ ತರುತ್ತಾರೆ. ಬಿಗಿದ ಹಿಡಿಕೆಯ ಕಡೆ ಗಂಗವ್ವ ಕಣ್ಣೂ ಹಾಯಿಸುವುದಿಲ್ಲ. ಡ್ರಿಲ್ ತೆಗೆದು ಎರಡು ತೂತು ಕೊರೆಯುತ್ತಾರೆ. ತಗಡು ಇಟ್ಟು, ಎರಡೂ ಸ್ಕ್ರೂಗಳನ್ನು ಕೊನೆಯವರೆಗೂ ಬಿಗಿದು, ಸೆರಗಿನಿಂದ ಒಮ್ಮೆ ಒರೆಸುತ್ತಾರೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಮೆಲಿಸ್ಸಾಗೆ ಅರ್ಥವಾಗದ ಕನ್ನಡದಲ್ಲಿ ಯಂತ್ರವನ್ನೇ ಕೇಳುತ್ತಾರೆ:

"ಹೂಂ, ಈಗ ಹೇಳು ನನ್ನವ್ವಾ. ಏನಾಗೇತಿ ನಿನಗ?"