ಪೇಟೆಯಲ್ಲಿ ಕೊಂಡ ದುಬೈ ಸಾಬೂನು

ದುಬೈಯ ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳಿರಲಿಲ್ಲ. ಬಜಪೆಯಲ್ಲಿ ವಿಮಾನ ಇಳಿದವನು ನೇರ ಮಂಗಳೂರು ಪೇಟೆಯ ಫಾರಿನ್ ಸಾಮಾನಿನ ಅಂಗಡಿಗೆ ಹೋದೆ. ಖಾಲಿ ಕೈಯಲ್ಲಿ ಮನೆಗೆ ಹೋಗುವುದು ಹೇಗೆ?

ಸಾಬೂನು, ಸೆಂಟು, ಖರ್ಜೂರ ಆರಿಸಿ ಚೌಕಾಶಿಗೆ ನಿಂತೆ. ಅಂಗಡಿಯ ಯಜಮಾನ ಕಾಕ ನನ್ನ ಸೂಟ್‌ಕೇಸಿನಲ್ಲಿ ನೇತಾಡುತ್ತಿದ್ದ ವಿಮಾನದ ಟ್ಯಾಗ್ ನೋಡಿದರು. ನಾನು ಕೇಳಿದ ರೇಟಿಗೇ ಕೊಟ್ಟು, ಬೆಲೆಯ ಸ್ಟಿಕ್ಕರ್‌ಗಳನ್ನೆಲ್ಲ ಉಗುರಿನಿಂದ ಕಿತ್ತರು.

"ನಮ್ಮ ಪ್ಲಾಸ್ಟಿಕ್ ತೊಟ್ಟೆ ಬೇಡ ಮಾರಾಯ, ಅದರಲ್ಲಿ ಅಂಗಡಿಯ ಹೆಸರು ಉಂಟು. ಸೂಟ್‌ಕೇಸಿಗೇ ಹಾಕು."

ಮನೆಯಲ್ಲಿ ಅಮ್ಮ ಸಾಬೂನು ಮೂಸಿ, ತಿರುಗಿಸಿ ನೋಡಿದರು. ಅದರ ಅಡಿಯಲ್ಲಿ ರೂಪಾಯಿಯ ಸ್ಟಿಕ್ಕರ್ ಒಂದು ಉಳಿದುಬಿಟ್ಟಿತ್ತು. ನನ್ನ ಮುಖ ನೋಡದೆ ಅದನ್ನು ಮೆಲ್ಲ ಕಿತ್ತು, ಪಕ್ಕದ ಮನೆಗೆ ಕೇಳುವ ಹಾಗೆ ಕೂಗಿದರು:

"ಅಕ್ಕಾ, ಮಗ ದುಬೈಯಿಂದ ಸಾಬೂನು ತಂದಿದ್ದಾನೆ. ನಿಮಗೂ ಒಂದು ಉಂಟು!"