ಮುಕ್ಕಾಲಿಂಚಿನವರ ಶಿಷ್ಯ

ನಮ್ಮ ಬೀದಿಯ ದರ್ಜಿಗೆ ಮುಕ್ಕಾಲಿಂಚು ಎಂದು ಹೆಸರು ಬಿದ್ದು ಇಪ್ಪತ್ತು ವರ್ಷವಾಯಿತು. ಯಾರ ಅಳತೆ ತೆಗೆದರೂ ಕೊನೆಗೆ, "ಒಂದು ಮುಕ್ಕಾಲಿಂಚು ಜಾಸ್ತಿ ಬಿಡೋಣ, ದಪ್ಪ ಆದಾಗ ನನ್ನ ನೆನೆಸ್ಕೋತೀರಿ" ಅನ್ನುವುದು ಅವರ ಪದ್ಧತಿ. ಹೊಸ ಗಿರಾಕಿಗೆ ಈ ಉಪದೇಶ ಬರೀ 'ಹ್ಮ್ ಹ್ಮ್' ಎಂದು ಕೇಳಿಸುತ್ತದೆ. ಅಂಗಡಿ ತೆರೆದಾಗಿನಿಂದ ಮುಚ್ಚುವತನಕ ಅವರ ತುಟಿಗಳ ನಡುವೆ ಐದಾರು ಗುಂಡುಸೂಜಿಗಳು ಬೀಡುಬಿಟ್ಟಿರುವುದೇ ಕಾರಣ. ಎರಡನೆಯ ಅಂಗಿ ಹೊಲಿಸುವ ಹೊತ್ತಿಗೆ ಗಿರಾಕಿಗೆ ಈ ಭಾಷೆ ತಾನಾಗಿ ಅರ್ಥವಾಗತೊಡಗುತ್ತದೆ.

ಹೊಟ್ಟೆಕಿಚ್ಚು ಅವರಿಗೆ ಹೊಸದಲ್ಲ. ಆದರೆ ಅದನ್ನೂ ಅಳತೆಯಲ್ಲಿಯೇ ಇಟ್ಟುಕೊಂಡಿದ್ದರು. ಅಳತೆ ತಪ್ಪಿದ್ದು ಎದುರಿನ ಕ್ಷೌರದಂಗಡಿಯವನು ಬುಗುರಿ ಎಂಬ ನಾಯಿಯನ್ನು ಸಾಕಿದ ಮೇಲೆ. ಬುಗುರಿ ಕೈ ಕೊಡುತ್ತಿತ್ತು, ನಿಂತಲ್ಲೇ ಗಿರ್ರನೆ ಸುತ್ತುತ್ತಿತ್ತು, ಗಿರಾಕಿಗೆ ಟವೆಲ್ಲು ತಂದುಕೊಡುತ್ತಿತ್ತು. ತಲೆಯಲ್ಲಿ ಕೂದಲೇ ಇಲ್ಲದವರೂ ಸಂಜೆಯಾದರೆ ಆ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಮುಕ್ಕಾಲಿಂಚಿನವರು ಪ್ರತಿಭಟನೆಯಾಗಿ ಮೂರು ಬೀದಿ ದಾಟಿ ಕ್ಷೌರ ಮಾಡಿಸಿಕೊಂಡು ಬರತೊಡಗಿದರು. ಎದುರಿನವನು ಮಾತ್ರ ತನ್ನ ಪ್ಯಾಂಟು ಇವರ ಹತ್ತಿರವೇ ಹೊಲಿಸುತ್ತಿದ್ದ. ಆ ಒಳ್ಳೆಯತನ ಇವರನ್ನು ಇನ್ನಷ್ಟು ಉರಿಸುತ್ತಿತ್ತು.

ಇಷ್ಟನ್ನೂ ಸಹಿಸಬಹುದಿತ್ತು. ಆದರೆ ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದ ಅವರ ಹೆಂಡತಿ ಬುಗುರಿಯ ಸುತ್ತು ನೋಡಿ, "ಭೇಷ್" ಅಂದುಬಿಟ್ಟರು.

ಒಳಗೆ ಯಂತ್ರ ನಿಂತಿತು.

"ಯಾರಿಗೆ ಹೇಳಿದ್ದು?"

"ನಾಯಿಗೆ."

"ಮೂವತ್ತು ವರ್ಷದಲ್ಲಿ ನಂಗೆ ಒಂದು ಸಲನಾದ್ರೂ ಹೇಳಿದ್ದೀಯಾ?"

"ನೀವು ಒಂದು ಸಲನಾದ್ರೂ ಸುತ್ತು ಹೊಡೆದಿದ್ದೀರಾ?"

ಮದುವೆಯಾದ ಹೊಸತರಲ್ಲಿ ಹಗಲಿರುಳು ಕೂತು ತಮಗೆಂದು ಹೊಲಿದುಕೊಂಡ ಮೊದಲ ಕೋಟು ನೋಡಿ ಇದೇ ಹೆಂಡತಿ "ಪರವಾಗಿಲ್ಲ" ಅಂದಿದ್ದರು. ಆ 'ಪರವಾಗಿಲ್ಲ'ದ ಮೇಲೆ ಅವರು ಮೂವತ್ತು ವರ್ಷ ಬದುಕಿದ್ದರು. ಈಗ ಅವರಿಗೆ ಬೇಕಾದದ್ದು ಒಂದೇ, ಆ ಭೇಷ್.

ಅಸ್ತ್ರ ಮನೆಯಲ್ಲಿಯೇ ಇತ್ತು. ಚಿಂದಿ ಬಟ್ಟೆಯ ಗೋಣಿಚೀಲದಲ್ಲಿ ಮರಿಯಾಗಿ ಸಿಕ್ಕಿದ ಚೂರು ಎಂಬ ನಾಯಿ ಅದೇ ವಾರ ಗಿರಾಕಿಯೊಬ್ಬರ ಪ್ಯಾಂಟಿನ ಎಡಗಾಲನ್ನು ಮಂಡಿಯವರೆಗೆ ಜಗಿದಿತ್ತು. ಅದನ್ನು ಎತ್ತಿಕೊಂಡು ಗಂಡ ಹೆಂಡತಿ ಪ್ರಾಣಿವೈದ್ಯೆಯ ಹತ್ತಿರ ಹೋದರು.

"ಕಾಯಿಲೆ ಏನೂ ಇಲ್ಲ, ಬೇಜಾರು ಅಷ್ಟೇ," ಅಂದರು ವೈದ್ಯೆ. "ಇದರ ತಲೆಗೆ ಕೆಲಸ ಕೊಡಿ. ದಿನಕ್ಕೆ ಎರಡು ಮೂರು ಸಲ, ಐದೈದು ನಿಮಿಷ ಏನಾದ್ರೂ ಹೊಸದು ಕಲಿಸಿ. ಸರಿಯಾಗಿ ಮಾಡಿದ ತಕ್ಷಣ ತಿನ್ನೋಕೆ ಏನಾದ್ರೂ ಕೊಡಿ. ತಪ್ಪಿದ್ರೆ ಬೈಬೇಡಿ."

"ಬೈಬಾರದು ಅಂದ್ರೆ ಇವರಿಗೇ ಕಾಯಿಲೆ ಬರುತ್ತೆ ಡಾಕ್ಟ್ರೇ," ಅಂದರು ಹೆಂಡತಿ.

ಅಂದಿನಿಂದ ಅಂಗಡಿಯ ಪರದೆಯ ಹಿಂದೆ ಗುಪ್ತ ಗುರುಕುಲ ನಡೆಯಿತು. ಒಂದು ತೋಳು ಕೂಡಿಸುವುದು, ಐದು ನಿಮಿಷ ಪಾಠ. ಒಂದು ಕಾಲರು ಕೂಡಿಸುವುದು, ಮತ್ತೆ ಐದು ನಿಮಿಷ. ಬಿಸ್ಕತ್ತಿನ ಪುಡಿ ಯಂತ್ರದೊಳಗೂ ಸೇರಿತು. ಕೂರುವುದು, ಕೈ ಕೊಡುವುದು, ಸತ್ತಂತೆ ಬೀಳುವುದು, ಎಲ್ಲವೂ ಎರಡು ತಿಂಗಳಲ್ಲಿ ಆಯಿತು. ಕೊನೆಗೆ ಬ್ರಹ್ಮಾಸ್ತ್ರ: ಅಳತೆ ಟೇಪಿನ ತುದಿಯನ್ನು ಕಚ್ಚಿ ಹಿಡಿದು, ಹಿಂದೆ ಹಿಂದೆ ನಡೆದು, ಟೇಪು ಬಿಗಿಯಾದ ಕೂಡಲೇ ಅಲುಗಾಡದೆ ನಿಲ್ಲುವುದು. ಚೂರು ಬಟ್ಟೆ ಜಗಿಯುವುದನ್ನು ಮರೆತೇಬಿಟ್ಟಿತು. ಪಾಠದ ಹೊತ್ತಾದರೆ ತಾನೇ ಪರದೆ ಸರಿಸಿ ಬಾಲ ಆಡಿಸುತ್ತ ನಿಲ್ಲುತ್ತಿತ್ತು.

ರಜೆಯ ದಿನ ಸಂಜೆ, ಎದುರಿನ ಬೆಂಚು ತುಂಬಿದ ಹೊತ್ತು ನೋಡಿ, ಮುಕ್ಕಾಲಿಂಚಿನವರು ರಣರಂಗಕ್ಕಿಳಿದರು. ಆ 'ಪರವಾಗಿಲ್ಲ' ಕೋಟನ್ನೇ ತೊಟ್ಟಿದ್ದರು. ಹೊಟ್ಟೆ ಬೆಳೆದಿದ್ದರೂ ಅಂದು ಬಿಟ್ಟ ಮುಕ್ಕಾಲಿಂಚು ಮಾನ ಕಾಪಾಡಿತು. ಕುತ್ತಿಗೆಗೆ ಟೇಪು. ಸಭೆಯಲ್ಲಿ ಮಾತು ಸ್ಪಷ್ಟವಾಗಿರಬೇಕೆಂದು ಬಾಯಿ ಮುಕ್ಕಳಿಸಿ, ಗಂಟಲು ಸರಿಮಾಡಿಕೊಂಡು ಬಂದಿದ್ದರು.

"ಚೂರು, ಕೂತ್ಕೋ."

ಚೂರು ಅವರನ್ನು ಎಲ್ಲಿಯೋ ನೋಡಿದ ಹಾಗಿದೆಯಲ್ಲ ಎಂಬಂತೆ ನೋಡಿತು.

"ಚೂರು, ಕೈ ಕೊಡು."

ಚೂರು ಹಿಂದೆ ತಿರುಗಿ, ಇದನ್ನು ಯಾರಿಗೆ ಹೇಳುತ್ತಿದ್ದಾರೆಂದು ಹುಡುಕಿತು. ಅಷ್ಟರಲ್ಲಿ ಎದುರಿನ ಬುಗುರಿ ಬೀದಿ ದಾಟಿ ಬಂದು, ಮುಕ್ಕಾಲಿಂಚಿನವರ ಚಾಚಿದ ಅಂಗೈಯಲ್ಲಿ ವಿನಯದಿಂದ ತನ್ನ ಕೈ ಇಟ್ಟಿತು. ಬೆಂಚು ನಗೆಯಿಂದ ಅಲುಗಾಡಿತು.

"ಬೇಜಾರು ಮಾಡ್ಕೋಬೇಡಿ ಅಣ್ಣಾ," ಅಂದ ಕ್ಷೌರದಂಗಡಿಯವನು. "ಅದು ಯಾರು ಕರೆದ್ರೂ ಹೋಗುತ್ತೆ."

ಸಮಾಧಾನದ ಆ ಮಾತು ಅವಮಾನಕ್ಕಿಂತ ಹೆಚ್ಚು ಚುಚ್ಚಿತು. ಅವರು ಒಳಗೆ ಹೋಗಲು ತಿರುಗಿದರು. ಮೆಟ್ಟಿಲ ಮೇಲೆ ಹೆಂಡತಿ ಅಡ್ಡ ನಿಂತಿದ್ದರು. ಅಂಗೈಯಲ್ಲಿ ಐದು ಗುಂಡುಸೂಜಿ.

"ರೀ, ಇದನ್ನ ಬಾಯಲ್ಲಿಟ್ಕೊಂಡು ಹೇಳಿ."

"ಈಗ ಹೊಲಿಗೆ ಯಾರಿಗೆ ಬೇಕೇ?"

"ಹೊಲಿಗೆಗಲ್ಲ. ಎರಡು ತಿಂಗಳಿಂದ ನೀವು ಪಾಠ ಮಾಡಿದ್ದು ಹೇಗೆ? ಪರದೆ ಈಚೆ ಕೂತು ನಾನೂ ಕೇಳಿದೀನಿ. ನೀವು ಬಾಯಿ ಬಿಟ್ಟು ಮಾತಾಡಿದ್ರೆ ನಂಗೇ ಯಾರೋ ಬೇರೆಯವರು ಅನ್ಸುತ್ತೆ. ಪಾಪ, ಅದಕ್ಕೇನು ಗೊತ್ತಾಗ್ಬೇಕು?"

ಸೂಜಿಗಳು ಸ್ವಸ್ಥಾನ ಸೇರಿದವು.

"ಹ್ಮ್ಮೋ."

ಚೂರು ದೊಪ್ಪನೆ ಕೂತಿತು. ಇನ್ನೊಂದು ಹ್ಮ್ಮಿಗೆ ಕೈ ಕೊಟ್ಟಿತು, ಮತ್ತೊಂದಕ್ಕೆ ನಾಲ್ಕೂ ಕಾಲು ಮೇಲೆ ಮಾಡಿ ಸತ್ತಿತು. ಕುತ್ತಿಗೆಯಿಂದ ಟೇಪು ಇಳಿಯಿತು. ಅದರ ತುದಿ ಕಚ್ಚಿಕೊಂಡು ಚೂರು ಹಿಂದೆ ಹಿಂದೆ ನಡೆದು, ಬೀದಿಯ ನಡುವೆ ಟೇಪು ಬಿಗಿಯಾದಾಗ ಕಂಬದಂತೆ ನಿಂತಿತು. ಬೆಂಚಿನವರೆಲ್ಲ ಎದ್ದು ನಿಂತರು. "ಲೇ ಬುಗುರಿ, ನೋಡಿ ಕಲ್ತ್ಕೋ," ಅಂದ ಕ್ಷೌರದಂಗಡಿಯವನ ದನಿಯಲ್ಲಿ ಸಣ್ಣ ಉರಿಯೊಂದು ಕೇಳಿಸಿ, ಮುಕ್ಕಾಲಿಂಚಿನವರಿಗೆ ಬುಗುರಿ ಬಂದಾಗಿನಿಂದ ಇದ್ದ ಹಸಿವು ಹಿಂಗಿದಂತಾಯಿತು.

ಆಗ ಬಂತು.

"ಭೇಷ್."

ಅವರು ಸರಕ್ಕನೆ ತಿರುಗಿದರು. ಹೆಂಡತಿ ಆಗಲೇ ಬೀದಿಗಿಳಿದು ಚೂರುವಿನ ಕಿವಿಯ ಹಿಂದೆ ಕೆರೆಯುತ್ತಿದ್ದರು.

"ಹ್ಮ್ ಹ್ಮ್ಹ್ಮ್?" ಅಂದರು ಮುಕ್ಕಾಲಿಂಚಿನವರು. ಯಾರಿಗೆ ಹೇಳಿದ್ದು ಎಂದು ಕೇಳುತ್ತಿದ್ದಾರೆಂದು ಅಲ್ಲಿ ಹೆಂಡತಿಯೊಬ್ಬರಿಗೇ ಅರ್ಥವಾಯಿತು.

"ಟೇಪು ನೆಟ್ಟಗೆ ಹಿಡಿದವರಿಗೆ."

ಟೇಪಿನ ಒಂದು ತುದಿ ಇವರ ಕೈಯಲ್ಲಿತ್ತು, ಇನ್ನೊಂದು ನಾಯಿಯ ಬಾಯಲ್ಲಿ.

ಮುಕ್ಕಾಲಿಂಚಿನವರು ಈಗ ಎದುರಿನ ಅಂಗಡಿಯಲ್ಲಿಯೇ ಕ್ಷೌರ ಮಾಡಿಸಿಕೊಳ್ಳುತ್ತಾರೆ, ಬುಗುರಿ ತಂದ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಅಲ್ಲಿಯ ಕಿಚ್ಚು ಆರಿದೆ. ಆದರೆ ಹೆಂಡತಿಯ ಕಾಲ ಬಳಿ ಚೂರು ಮಲಗಿರುವುದನ್ನು ಕಂಡಾಗಲೆಲ್ಲ ಅವರ ಕಾಲಡಿಯ ಪೆಡಲು ನಿಧಾನವಾಗುತ್ತದೆ. ಆ ಭೇಷ್‌ನಲ್ಲಿ ನಾಯಿಯ ಪಾಲು ಎಷ್ಟು ಎಂಬ ಅಳತೆ ಇನ್ನೂ ಮುಗಿದಿಲ್ಲ.